ಮನಿ ಹೊಸ್ತಲ ದಾಟಾಕ ಆಗದ ಹಿರ್ಯಾರ ಹತ್ರ ಯಾರು ಹೋಗ್ಬೇಕು?

ನಮ್ಮ ಕಡೆ ಒಂದು ಕೂಸು ಹುಟ್ಟಿದ್ರ ಆಶಾ ಅಕ್ಕ ಮನಿಗೆ ಯಾವ ಯಾವ ದಿನ ಬರ್ಬೇಕು ಅನ್ನೋದು ಮೊದ್ಲ ಗೊತ್ತಿರ್ತೈತಿ. ದವಾಖಾನ್ಯಾಗ ಹೆರಿಗಿ ಆಗಿದ್ರ 3ನೇ ದಿನ, 7ನೇ ದಿನ, ಆಮ್ಯಾಲ 14, 21, 28, 42, ಒಟ್ಟು 6 ಸಲ. ಮನ್ಯಾಗ ಹೆರಿಗಿ ಆಗಿದ್ರ ಮೊದ್ಲನೇ ದಿನಾನೂ ಸೇರಿ 7 ಸಲ. ಬಂದು ಕೂಸಿನ ತೂಕ ನೋಡ್ತಾರ, ಮೈ ಬೆಚ್ಚಗೈತೋ ಇಲ್ಲೋ ಮುಟ್ಟಿ ನೋಡ್ತಾರ, ಹಾಲು ಕುಡಿತೈತೇನು ಕೇಳ್ತಾರ, ಫಾರ್ಮ್ ತುಂಬ್ತಾರ, ಆ ಫಾರ್ಮನ್ನ ಮ್ಯಾಲಿನೋರು ನೋಡ್ತಾರ. 2011ರಿಂದ ಈ ಪದ್ಧತಿ ಐತಿ, ಭಾಳ ಚಲೋ ಪದ್ಧತಿ. ಆದ್ರ ಅದ ಮನಿ ಪಡಸಾಲ್ಯಾಗ ಹೊರಸಿನ ಮ್ಯಾಲ 80 ದಾಟಿದ ಅಮ್ಮ ಮಲಗಿರ್ತಾಳಲ್ಲ, ಆಕಿ ಹತ್ರ ಯಾವ ದಿನ ಯಾರು ಬರ್ತಾರ ಅಂತ ಆ ಮನಿ ಸೊಸಿನ್ನ ಕೇಳಿ ನೋಡ್ರಿ, ಆಕಿಗೆ ಗೊತ್ತಿರಂಗಿಲ್ಲ, ಯಾಕಂದ್ರ ಆಕಿಗೆ ಯಾರೂ ಹೇಳಿಲ್ಲ.

ನಾನು ಕುಷ್ಟಗಿ ತಾಲೂಕಿನ ಒಂದು ಊರಾಗ ಮೆಡಿಕಲ್ ಶಾಪ್ ಇಟ್ಕೊಂಡೀನಿ. ಡಾಕ್ಟರ್ ಅಲ್ಲ, ಫಾರ್ಮಸಿ ಓದಿದಾಂವ. ಆದ್ರ ಕೌಂಟರ್ ಹಿಂದ ನಿಂತೋನಿಗೆ ದವಾಖಾನಿಗೆ ಹೋಗೋರು ಅಷ್ಟ ಅಲ್ಲ, ಹೋಗಾಕ ಆಗದೋರೂ ಕಾಣ್ತಾರ, ಯಾಕಂದ್ರ ಅವರು ಬರದಿದ್ರೂ ಅವರ ಚೀಟಿ ಬರ್ತೈತಿ. ಮೊಮ್ಮಗ ಬರ್ತಾನ, ಕೈಯಾಗ ನಾಕು ಮಡಿಕಿ ಮಾಡಿದ ಮಾಸಿದ ಚೀಟಿ, "ಅಣ್ಣಾರ, ಅಮ್ಮನ ಗುಳಿಗಿ ಮುಗಿದಾವಂತ, ಅವ ಕೊಡ್ರಿ" ಅಂತಾನ. ಅಮ್ಮನ್ನ ಡಾಕ್ಟರಿಗೆ ಯಾವಾಗ ತೋರ್ಸಿದ್ರಿ ಅಂದ್ರ ಆ ಹುಡುಗನಿಗೆ ಏನು ಗೊತ್ತಿರ್ತೈತಿ ಪಾಪ. ಅಪ್ಪ ಅವ್ವ ಗುಳೆ ಹೋಗ್ಯಾರ, ಬೆಂಗಳೂರಾಗ ಬಿಲ್ಡಿಂಗ್ ಕೆಲಸ. ಕೊಪ್ಪಳ ರಾಯಚೂರು ಕಡೆ ಹಳ್ಳಿ ನೋಡಿದೋರಿಗೆ ಇದು ಹೊಸದಲ್ಲ, ಸುಗ್ಗಿ ಮುಗೀತು ಅಂದ್ರ ದುಡಿಯೋ ಮಂದಿ ಎಲ್ಲಾ ಬೆಂಗಳೂರು ಗೋವಾ ಪುಣೆ, ಊರಾಗ ಉಳಿಯೋರು ಮುದುಕರು ಮತ್ತ ಸಾಲಿ ಹುಡುಗರು. ಹಂಗಾಗಿ "ತಂದಿ ತಾಯಿನ್ನ ಮಕ್ಕಳು ನೋಡ್ಕೋಬೇಕು" ಅಂತ ಭಾಷಣ ಮಾಡೋರ ಮಾತು ನನಗ ಪೂರ್ತಿ ಒಪ್ಪಾಕ ಆಗಂಗಿಲ್ಲ. 2007ರಾಗ ಅದಕ್ಕ ಕಾಯ್ದೆನೂ ಬಂದೈತಿ, ಬರ್ಲಿ, ಅದರಿಂದ ಜೀವನಾಂಶ ಸಿಗಬಹುದು. ಆದ್ರ ರಾತ್ರಿ ಎದ್ದು ಸಂಡಾಸಕ್ಕ ಹೋಗುವಾಗ ತಲಿ ತಿರುಗಿ ಬೀಳೋದನ್ನ ನೋಡ್ಕೊಳ್ಳೋದು ಆರೋಗ್ಯ ಇಲಾಖೆ ಕೆಲಸ, ಊರು ಬಿಟ್ಟು ದುಡಿಯಾಕ ಹೋದ ಮಗನ ತಲಿ ಮ್ಯಾಲ ಅದನ್ನೂ ಹಾಕಿದ್ರ ಹೆಂಗ.

ಒಂದು ಮನಿ ವಿಷಯ ಹೇಳ್ತೀನಿ. ನಮ್ಮ ಓಣಿಯಾಗ ಒಬ್ಬಾಕಿ ಅಮ್ಮ ಅದಾಳ, ಮೊದ್ಲು ಹೊಲದಾಗ ಗಂಡಾಳಿಗೆ ಸರಿಸಮ ಕಳೆ ತಗದಾಕಿ, ಈಗ ಗ್ವಾಡಿ ಹಿಡಕೊಂಡು ಬಚ್ಚಲ ತನಕ ಹೋದ್ರ ಅದ ದೊಡ್ಡದು. ಬೆವರು ಬಂದು ಕೈ ನಡುಗಿ ಬಿದ್ದಾಳ ಅಂತ ಮೊಮ್ಮಗಳು ಓಡಿ ಬಂದ್ಲು, ಹೋಗಿ ನೋಡಿದ್ರ ಶುಗರ್ ಭಾಳ ಕಡಿಮಿ ಆಗಿತ್ತು, ಸಕ್ಕರಿ ನೀರು ಕುಡಿಸಿದ ಮ್ಯಾಲ ಕಣ್ಣು ಬಿಟ್ಟು "ಯಪ್ಪಾ, ನೀ ಯಾಕ ಬಂದಿ, ಅಂಗಡಿ ಯಾರು ನೋಡ್ಕೊಂಡಾರ" ಅಂದ್ಲು. ಆಮ್ಯಾಲ ಆಕಿ ಗುಳಿಗಿ ಚೀಲ ತಗಸಿ ಹೊರಸಿನ ಮ್ಯಾಲ ಸುರುವಿದೆ. ಗ್ಲಿಮೆಪಿರೈಡ್ ಅನ್ನೋ ಶುಗರ್ ಇಳಿಸೋ ಗುಳಿಗಿ ಎರಡು ಕಂಪನೀದು ಎರಡು ಹೆಸರಿನ್ಯಾಗ ಇತ್ತು, ಒಂದು ಇಲ್ಲಿ ಬರ್ಸಿದ್ದು, ಒಂದು ಮಗಳ ಊರಿಗೆ ಹೋದಾಗ ಬ್ಯಾರೆ ದವಾಖಾನ್ಯಾಗ ಬರ್ಸಿದ್ದು. ಆಕಿಗೆ ಓದಾಕ ಬರಂಗಿಲ್ಲ, ಬಣ್ಣದ ಮ್ಯಾಲ ಗುರುತು ಹಿಡೀತಾಳ, ಬಣ್ಣ ಬ್ಯಾರೆ ಅಂದ್ರ ಗುಳಿಗಿ ಬ್ಯಾರೆ ಅಂತ ಎರಡೂ ನುಂಗ್ಯಾಳ. ಅದರ ಮ್ಯಾಲ ಹಲ್ಲಿಲ್ಲ, ರೊಟ್ಟಿ ತಿನ್ನಾಕ ಆಗಂಗಿಲ್ಲ, ರಾತ್ರಿ ಒಂದು ವಾಟಿ ಅಂಬಲಿ ಕುಡಿದು ಮಲಗಾಕಿ. ಗುಳಿಗಿ ಮಾತ್ರ ಎರಡು ಹೊತ್ತು ರೊಟ್ಟಿ ಉಣ್ಣಾಕಿ ಇದ್ದಾಗಿಂದು. ಊಟ ಕಡಿಮಿ ಆತು, ತೂಕ ಇಳೀತು, ಕಿಡ್ನಿ ನಿಧಾನ ಆತು, ಆದ್ರ ಡೋಸ್ ಅಷ್ಟ ಉಳೀತು, ಯಾಕಂದ್ರ ನಡುವ ಯಾರೂ ಆಕಿನ್ನ ನೋಡಿಲ್ಲ, ಚೀಟಿ ಅಷ್ಟ ಅಡ್ಡಾಡೈತಿ.

ಇಂಥದ್ದಕ್ಕ ಮನ್ಯಾಗಿನೋರು ಏನಂತಾರ? ವಯಸ್ಸಾತು, ಹಂಗ ಆಗೋದ. ಬಿದ್ರೂ ವಯಸ್ಸಾತು, ಮರೆತ್ರೂ ವಯಸ್ಸಾತು, ಉಣ್ಣದಿದ್ರೂ ವಯಸ್ಸಾತು. ಇದು ಮನಿಯೋರ ಮಾತಾದ್ರ ಸಹಿಸ್ಕೋಬಹುದು, ಬಿಳಿ ಕೋಟು ಹಾಕ್ಕೊಂಡೋರ ಬಾಯಾಗೂ ಇದ ಬಂದಾಗ ನನಗ ಭಾಳ ಸಿಟ್ಟು ಬರ್ತೈತಿ. ಯಾಕಂದ್ರ ಇದರಾಗ ಎಷ್ಟೋ ಸರಿ ಮಾಡಬಹುದು. ಇದ್ದಕ್ಕಿದ್ದಂಗ ಏನೇನೋ ಮಾತಾಡಾಕ ಹತ್ತಿದ್ರ ಮೂತ್ರದ ಸೋಂಕು ಇರಬಹುದು, ಜ್ವರ ಇಲ್ಲದನೂ ಬರ್ತೈತಿ ವಯಸ್ಸಾದೋರಿಗೆ. ಎದ್ದ ಕೂಡ್ಲೆ ಕಣ್ಣು ಕತ್ತಲಿ ಬಂದ್ರ ಬೀಪಿ ಗುಳಿಗಿ ಜಾಸ್ತಿ ಆಗಿರಬಹುದು, ಮಲಗಿದಾಗ ಒಮ್ಮೆ ಬೀಪಿ ನೋಡಿ, ಎದ್ದು ನಿಂತ ಮ್ಯಾಲ 3 ನಿಮಿಷದೊಳಗ ಮತ್ತೊಮ್ಮೆ ನೋಡ್ಬೇಕು, ಮ್ಯಾಲಿನದು 20 ಅಥವಾ ಕೆಳಗಿನದು 10 ಇಳಿದ್ರ ಗುಳಿಗಿ ವಿಚಾರ ಮಾಡ್ಬೇಕು. ಇದಕ್ಕ ಮಷಿನ್ ಹೊಸದು ಬೇಕಾಗಿಲ್ಲ. ಕುಂತಾಗ ಒಂದ್ಸಲ ಪಟ್ಟಿ ಕಟ್ಟಿ 140 ಐತಿ ಅಂತ ಬರ್ಕೊಂಡು ಹೋಗೋದ್ರಾಗ ಇದು ಸಿಗಂಗಿಲ್ಲ ಅಷ್ಟ. ಶುಗರ್ ವಿಷಯದಾಗೂ ಹಂಗ, ಮೈಯಾಗ ಶಕ್ತಿ ಇಲ್ಲದ ಹಿರ್ಯಾರಿಗೆ ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಎಚ್‌ಬಿಎ1ಸಿ ಟೆಸ್ಟ್ 8%ರ ಒಳಗ ಇದ್ರ ಸಾಕು, 40 ವರ್ಷದೋನಂಗ ಬಿಗಿ ಮಾಡೋದು ಬ್ಯಾಡ ಅಂತ ಶುಗರ್ ಡಾಕ್ಟರುಗಳ ದೊಡ್ಡ ಸಂಸ್ಥೆಗಳ ಹೇಳ್ಯಾವ. ಗ್ಲಿಬೆನ್‌ಕ್ಲಮೈಡ್ ಅನ್ನೋ ಹಳೇ ಶುಗರ್ ಗುಳಿಗಿ 60 ದಾಟಿದೋರಿಗೆ ಯೋಗ್ಯ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳೈತಿ.

ನಮ್ಮ ಭಾಗದ್ದು ಇನ್ನೊಂದು ಐತಿ, ನೀರು. ಕುಷ್ಟಗಿ ಯಲಬುರ್ಗಾ ಕಡೆ ಬೋರಿನ ನೀರಾಗ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟಿದ ನೀರನ್ನ ಈಗಿನ ಮುದುಕರು ಹುಡುಗರಿದ್ದಾಗಿಂದ ಕುಡ್ಕೋತ ಬಂದಾರ. ಬೆನ್ನು ಬಗ್ಗೈತಿ, ಮೊಣಕಾಲು ಮಡಚಾಕ ಬರಂಗಿಲ್ಲ, ನೋವು ತಡಕೊಳ್ಳಾಕ ಆಗಂಗಿಲ್ಲ, ಅದಕ್ಕ ನೋವಿನ ಗುಳಿಗಿ ದಿನಾ. ಬೀಪಿ ಗುಳಿಗಿ ತಗೊಳ್ಳೋ ಮುದುಕರು ಅದರ ಜೋಡಿ ಡೈಕ್ಲೋಫಿನಾಕ್ ಅನ್ನೋ ನೋವಿನ ಗುಳಿಗಿ ದಿನಾ ತಗೊಂಡ್ರ ಕಿಡ್ನಿಗೆ ಪೆಟ್ಟು, ಬೀಪಿನೂ ಏರ್ತೈತಿ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಲಾಗ ನೀರು ಕಡಿಮಿ ಕುಡಿದ್ರಂತೂ ಕೇಳಬ್ಯಾಡ್ರಿ. ಸಂಡಾಸಕ್ಕ ಏಳಬೇಕಾಗ್ತೈತಿ ಅಂತ ಬೇಕಂತ ನೀರು ಕುಡಿಯದ ಅಮ್ಮಂದಿರು ಎಷ್ಟು ಮಂದಿ ಅದಾರ, ಮನ್ಯಾಗ ಕೇಳ್ರಿ. ಇದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಓಪಿಡಿ ಚೀಟ್ಯಾಗ ಬರಂಗಿಲ್ಲ. ಹೊರಸಿನ ಹತ್ರ ಹೋಗಿ ಕುಂತು, ತಂಬಗಿ ಎಲ್ಲೈತಿ, ಸಂಡಾಸ ಎಷ್ಟು ದೂರ ಐತಿ, ಹೊಸ್ತಲ ಎಷ್ಟು ಎತ್ತರ ಐತಿ ನೋಡಿದೋರಿಗೆ ಅಷ್ಟ ಕಾಣ್ತೈತಿ.

ಹಂಗಂತ ಸರ್ಕಾರದ ಕಾಗದದಾಗ ಏನೂ ಇಲ್ಲ ಅಂತ ಅಲ್ಲ, ಐತಿ, ಅದ ನನ್ನ ಹೊಟ್ಟಿ ಉರಿ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010-11ರಾಗ ಶುರು ಆಗೈತಿ. ಪಿಎಚ್‌ಸಿಯಾಗ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ ನಡೀಬೇಕು, ಮನಿ ಬಿಟ್ಟು ಬರಾಕ ಆಗದೋರ ಮನಿಗೆ ಆರೋಗ್ಯ ಸಿಬ್ಬಂದಿ ಹೋಗ್ಬೇಕು ಅಂತ ಅದರಾಗ ಐತಿ. 2018ರಿಂದ ಸಬ್ ಸೆಂಟರುಗಳಿಗೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅಂತ ನರ್ಸಿಂಗ್ ಓದಿದೋರನ್ನ ಹಾಕಾಕ ಹತ್ಯಾರ, ಅವರ ಕೆಲಸದ ಪಟ್ಟ್ಯಾಗ ಹಿರಿಯರ ಆರೈಕೆ, ಹಾಸಿಗಿ ಹಿಡಿದೋರ ಆರೈಕೆ ಎರಡೂ ಅದಾವ. ಆಶಾಗಳು 30 ದಾಟಿದೋರಿಗೆ ತುಂಬೋ ಸಿಬಿಎಸಿ ಅನ್ನೋ ರೋಗದ ಅಪಾಯ ಅಳೆಯೋ ಫಾರ್ಮಿನ್ಯಾಗ 60 ದಾಟಿದೋರಿಗೆ ಅಂತ ಬ್ಯಾರೆ ಪ್ರಶ್ನೆಗಳ ಅದಾವ: ನಿಂತಾಗ ನಡೆಯುವಾಗ ತೋಲ ತಪ್ಪಿದಂಗ ಆಗ್ತೈತೇನು, ಅಡ್ಡಾಡಾಕ ಅಡ್ಡಿ ಆಗೋವಂಥ ಊನ ಐತೇನು, ಊಟಕ್ಕ ಬಟ್ಟಿ ಉಟ್ಕೊಳ್ಳಾಕ ಜಳಕಕ್ಕ ಬ್ಯಾರೆಯೋರು ಬೇಕೇನು, ಮನಿ ಮಂದಿ ಹೆಸರು ಇಲ್ಲಾ ಸ್ವಂತ ಮನಿ ವಿಳಾಸ ಮರೀತೈತೇನು. ಎಷ್ಟು ಬರೋಬ್ಬರಿ ಪ್ರಶ್ನೆ ನೋಡ್ರಿ! ಮುದುಕರ ಬಲ ಎಲ್ಲಿ ಕುಸಿಯಾಕ ಹತ್ತೈತಿ ಅನ್ನೋದು ಈ ನಾಕರಾಗ ಅರ್ಧ ಗೊತ್ತಾಗಿಬಿಡ್ತೈತಿ. ಆದ್ರ "ಹೌದು" ಅಂತ ಟಿಕ್ ಹಾಕಿದ ಮ್ಯಾಲ ಏನು? ನಮ್ಮ ಓಣಿಯಾಗ ನಾ ನೋಡಿದಂಗ ಟಿಕ್ ಹಾಕಿದ ಮನಿಗೆ ಮುಂದ ಯಾರೂ ಬಂದಿಲ್ಲ.

2024ರ ಅಕ್ಟೋಬರ್‌ನಾಗ ರಾಜ್ಯ ಸರ್ಕಾರ ಕೋಲಾರದಾಗ ಗೃಹ ಆರೋಗ್ಯ ಅಂತ ಶುರು ಮಾಡ್ತು, ಮನಿಗೆ ಹೋಗಿ ಬೀಪಿ ಶುಗರ್ ನೋಡಿ ಗುಳಿಗಿ ಕೊಡೋದು. ಅದ ತಿಂಗಳ ಕೇಂದ್ರದೋರು 70 ದಾಟಿದೋರಿಗೆ ವರ್ಷಕ್ಕ 5 ಲಕ್ಷದ ತನಕ ಆಸ್ಪತ್ರಿ ಖರ್ಚಿನ ಕಾರ್ಡ್ ಅಂದ್ರು. ಎರಡೂ ಬೇಕು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ 5 ಲಕ್ಷ ಅಡ್ಮಿಟ್ ಆದ ಮ್ಯಾಲಿನ ಮಾತು, ತೊಡಿ ಎಲುಬು ಮುರಿದ ಮ್ಯಾಲಿನ ಮಾತು. ಬೀಳೋಕಿಂತ ಮೊದ್ಲು ಬಚ್ಚಲಕ್ಕ ಒಂದು ಹಿಡಿಕಿ ಹಾಕ್ಸಾಕ, ಒಂದು ವಾಕರ್ ಕೊಡಾಕ, ಒಂದು ಗುಳಿಗಿ ಬಿಡಿಸಾಕ ಅಷ್ಟೊಂದು ರೊಕ್ಕ ಬೇಕಾಗಂಗಿಲ್ಲ. ಮನಿಗೆ ಬಂದೋರೂ ಬೀಪಿ ಶುಗರ್ ಎರಡು ನಂಬರ್ ಬರ್ಕೊಂಡು ಗುಳಿಗಿ ಇಟ್ಟು ಹೋದ್ರ, ಆ ಚೀಲದಾಗ ಮೊದ್ಲ ಇದ್ದ ಗುಳಿಗಿ ಜೋಡಿ ಇದೊಂದು ಸೇರ್ತೈತಿ ಅಷ್ಟ. ನನ್ನ ಪ್ರಕಾರ ಮನಿ ಭೇಟಿ ಅಂದ್ರ ಮೊದ್ಲು ಚೀಲ ಸುರುವಿ ನೋಡೋದು. ಆಮ್ಯಾಲ ಕುರ್ಚಿ ಮ್ಯಾಲ ಕುಂದ್ರಿಸಿ, ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕುಂದ್ರಾಕ ಹೇಳೋದು, ಮೊಬೈಲ್‌ನಾಗ ಟೈಮ್ ನೋಡೋದು, 12 ಸೆಕೆಂಡಿಗೆ ಮುಟ್ಟಿದ್ರ ಇಲ್ಲಾ ದಾಟಿದ್ರ ಬೀಳೋ ಅಪಾಯ ಐತಿ ಅಂತ ತಿಳಕೋಬೇಕು. ಕಣ್ಣಿನ ಪೊರೆ, ಕಿವಿ, ಹಲ್ಲು, ತೂಕ. ಹಾಸಿಗಿ ಹಿಡಿದೋರಾದ್ರ ಮಗ್ಗಲ ಹೊರಳಿಸಿ ಸೊಂಟದ ಹಿಂದ, ಹಿಮ್ಮಡಿ ಹತ್ರ ಚರ್ಮ ಕೆಂಪಾಗೈತೇನು ನೋಡೋದು, ಯಾಕಂದ್ರ ಹುಣ್ಣು ಬಾಯಿ ಬಿಟ್ಟ ಮ್ಯಾಲ ಮಾಯಿಸೋದು ಭಾಳ ಕಷ್ಟ.

ಇದನ್ನೆಲ್ಲಾ ಆಶಾ ಅಕ್ಕನ ತಲಿ ಮ್ಯಾಲ ಹಾಕ್ರಿ ಅಂತ ನಾ ಹೇಳವಲ್ಲೆ. 2025ರ ಜನವರಿಯಾಗ ಅವರು ಬೆಂಗಳೂರು ಫ್ರೀಡಂ ಪಾರ್ಕಿನ್ಯಾಗ ಚಳಿಯಾಗ ರಾತ್ರಿ ಹಗಲು ಕುಂತದ್ದು ಸರಿಯಾದ ಗೌರವಧನಕ್ಕ ಅಂತ ಎಲ್ಲಾರಿಗೂ ಗೊತ್ತೈತಿ. ಕೂಸಿನ ಮನಿ ಭೇಟಿಗೆ ಅವರಿಗೆ ಇಷ್ಟು ಅಂತ ಕೊಡ್ತಾರ, ಹಿರ್ಯಾರ ಮನಿ ಭೇಟಿಗೂ ಹಂಗ ಬ್ಯಾರೆ ರೊಕ್ಕ ಇಡ್ರಿ. ಮೈ ಮುಟ್ಟಿ ನೋಡಿ ಗುಳಿಗಿ ವಿಚಾರ ಮಾಡೋ ಕೆಲಸ ಸಿಎಚ್‌ಒದು, ಅಲ್ಲಿಂದ ವಿಡಿಯೋ ಹಚ್ಚಿ ಪಿಎಚ್‌ಸಿ ಡಾಕ್ಟರ್ ಜೋಡಿ ಮಾತಾಡಿಸಾಕ ಇ-ಸಂಜೀವಿನಿ ಐತಿ. ಕೇರಳದೋರು 2008ರಾಗ ಪ್ಯಾಲಿಯೇಟಿವ್ ಕೇರ್, ಅಂದ್ರ ವಾಸಿ ಆಗದ ರೋಗದೋರ ನೋವು ತಗ್ಗಿಸೋ ಆರೈಕೆ, ಅದಕ್ಕ ನೀತಿ ಮಾಡಿ ಪಂಚಾಯತಿಯಿಂದನ ನರ್ಸ್ ಮನಿ ಮನಿಗೆ ಹೋಗೋವಂಗ ಮಾಡ್ಯಾರ, ಊರ ಹುಡುಗರು ಹುಡುಗ್ಯಾರು ವಾಲಂಟಿಯರ್ ಆಗಿ ಜೋಡಿ ಹೋಗ್ತಾರ. ಅವರ ಹತ್ರ ಆಗೋದು ನಮ್ಮ ಹತ್ರ ಯಾಕ ಆಗಂಗಿಲ್ಲ? ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ಬಂದು ಹತ್ತು ವರ್ಷದ ಮ್ಯಾಲ ಆತು, ಕಲ್ಯಾಣ ಕರ್ನಾಟಕ ಮಂಡಳಿ ರೊಕ್ಕದಾಗ ಕಟ್ಟಡ ಏಳ್ತಾವ, ಆದ್ರ ಹೊರಸಿನ ಮ್ಯಾಲ ಇರೋರು ಕಟ್ಟಡದ ತನಕ ಬರೋದು ಹೆಂಗ? ಶಕ್ತಿ ಯೋಜನೆ ಬಸ್ ಫ್ರೀ ಖರೆ, ಬಸ್ಸಿನ ಮೊದ್ಲನೇ ಮೆಟ್ಟಲ ಹತ್ತಾಕ ಮೊಣಕಾಲು ಬೇಕಲ್ಲ. ಟಂಟಂ ಮಾಡ್ಕೊಂಡು ಹೋಗಿ ಬಂದ್ರ ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿಯಾಗ ದೊಡ್ಡ ಪಾಲು ಅಲ್ಲೇ ಹೋತು.

ಹಂಗಾಗಿ ನಾ ಕೇಳೋದು ಇಷ್ಟ. ಪ್ರತಿ ಸಬ್ ಸೆಂಟರಿನ್ಯಾಗ ಮನಿ ಬಿಟ್ಟು ಬರಾಕ ಆಗದ ಹಿರ್ಯಾರ ಪಟ್ಟಿ ಇರ್ಬೇಕು, ಗ್ವಾಡಿ ಮ್ಯಾಲ ಹಚ್ಚಬ್ಯಾಡ್ರಿ, ರಿಜಿಸ್ಟರ್‌ನಾಗ ಇರ್ಲಿ. ತಾಯಿ ಕಾರ್ಡ್ ಇದ್ದಂಗ ಅವರಿಗೂ ಒಂದು ಕಾರ್ಡ್, ಅದರಾಗ ಮುಂದಿನ ಭೇಟಿ ತಾರೀಖು, ತೂಕ, ನಿಂತಾಗಿನ ಬೀಪಿ, ನಡಿಗಿ, ಯಾವ ಗುಳಿಗಿ ಬಿಡಿಸಿದ್ರು ಯಾವುದು ಉಳಿಸಿದ್ರು. ಬೆಂಗಳೂರಾಗಿನ ಮಗ ಫೋನ್ ಮಾಡಿದ್ರ ಮೊಮ್ಮಗ ಅದನ್ನ ಫೋಟೋ ಹೊಡೆದು ವಾಟ್ಸಾಪ್ ಮಾಡಿದ್ರ ಸಾಕು, ಬ್ಯಾರೆ ಡಾಕ್ಟರ್ ಹತ್ರ ಹೋದ್ರೂ ಅದನ್ನ ತೋರ್ಸಬಹುದು. ಎಷ್ಟು ಮಂದಿ ಬೀಪಿ ನೋಡಿದ್ವಿ ಅನ್ನೋ ಲೆಕ್ಕದ ಜೋಡಿ, ಎಷ್ಟು ಮಂದಿ ಬಿದ್ರು, ಎಷ್ಟು ಮಂದಿಗೆ ಹಾಸಿಗಿ ಹುಣ್ಣು ಆತು ಅನ್ನೋದನ್ನೂ ತಾಲೂಕಿನ್ಯಾಗ ಕೇಳಾಕ ಶುರು ಮಾಡ್ಲಿ.

ಮುಂದಿನ ಗ್ರಾಮ ಸಭೆಯಾಗ ನಮ್ಮೂರೋರು ಒಂದಿಷ್ಟು ಮಂದಿ ಈ ಪಟ್ಟಿ ಕೇಳೋರದೀವಿ, ಅರ್ಜಿ ಬರ್ದಿಟ್ಟೀವಿ. ಯಲಬುರ್ಗಾ, ಲಿಂಗಸುಗೂರು, ಸಿಂಧನೂರು ಕಡೆಯೋರು ನಿಮ್ಮೂರಾಗೂ ಕೇಳೋದಿದ್ರ ಅರ್ಜಿ ಕಾಪಿ ಕಳಸ್ತೀನಿ, ಊರ ಹೆಸರು ಅಷ್ಟ ಬದಲಿ ಮಾಡ್ಕೋರಿ. ಅಲ್ಲಿ ತನಕ ಮನ್ಯಾಗ ಹಿರ್ಯಾರು ಇದ್ದೋರು ಒಂದು ಕೆಲಸ ಮಾಡ್ರಿ, ಇವತ್ತ ಸಂಜಿಗೆ ಅವರ ಗುಳಿಗಿ ಚೀಲ ಸುರುವಿ ಎಲ್ಲಾ ಗುಳಿಗಿ ಸ್ಟ್ರಿಪ್‌ಗಳನ್ನ ಒಂದೊಂದಾಗಿ ಫೋಟೋ ಹೊಡ್ಕೊಂಡು ನಿಮ್ಮ ಡಾಕ್ಟರಿಗೆ ತೋರ್ಸ್ರಿ. ನಿಮ್ಮಷ್ಟಕ್ಕ ನೀವ ಯಾವ ಗುಳಿಗಿನೂ ಬಿಡಿಸಬ್ಯಾಡ್ರಿ, "ಇದರಾಗ ಇನ್ನೂ ಯಾವು ಬೇಕು ಸಾಹೇಬ್ರ" ಅಂತ ಕೇಳ್ರಿ.