ಜಿಯೋಟ್ಯಾಗ್ ಇಲ್ದೆ ವಿಜ್ಞಾನ ಇಲ್ಲ

ಫೆಬ್ರವರಿ ಕೊನೆ ವಾರ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಲ್ಲಿ ಪಿಎಚ್‌ಡಿ ಮಾಡೋರು ಯಾರೂ ಕಾರಿಡಾರಲ್ಲಿ ಸುಮ್ನೆ ಓಡಾಡಲ್ಲ. ಎಚ್‌ಒಡಿ ಕಣ್ಣಿಗೆ ಬಿದ್ರೆ ಯಾವ್ದಾದ್ರೂ ಕಮಿಟಿಗೆ ಹೆಸರು ಸೇರಿಸಿಬಿಡ್ತಾರೆ. 28ನೇ ತಾರೀಖು ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ಅವತ್ತೇ ಸಿ.ವಿ. ರಾಮನ್ ಕಲ್ಕತ್ತಾದಲ್ಲಿ ತಮ್ಮ ಎಫೆಕ್ಟ್ ಕಂಡುಹಿಡಿದಿದ್ದು, 1987ರಿಂದ ದೇಶದ ತುಂಬಾ ಆಚರಣೆ. ಮೊದಲೆಲ್ಲ ನಮ್ಮಲ್ಲೂ ಒಂದೇ ದಿನದ ಕಾರ್ಯಕ್ರಮ ಇತ್ತಂತೆ, ಒಂದು ಭಾಷಣ, ಒಂದು ಬೋಂಡಾ, ಒಂದು ಟೀ, ಮನೆಗೆ ಹೋಗಿ ಅಂತ. ಈಗ ಅದು ವಾರ ಆಗಿದೆ, ಬ್ಯಾನರ್ ಮೇಲೆ ವಿಜ್ಞಾನ ಸಪ್ತಾಹ ಅಂತ ಇರತ್ತೆ, ಅದರ ಕೆಳಗೆ ಸಮಿತಿಯವರ ಹೆಸರುಗಳು ಎಷ್ಟಿರ್ತವೆ ಅಂದ್ರೆ ರಾಮನ್ ಹೆಸರಿಗೇ ಜಾಗ ಸಾಲಲ್ಲ.

ನನ್ನ ಪಾಲಿಗೆ ಬಂದಿದ್ದು ಡಾಕ್ಯುಮೆಂಟೇಶನ್ ಕಮಿಟಿ. ಊಟದ ಕಮಿಟಿ ಸಿಕ್ಕಿದೋರು ನನ್ನ ನೋಡಿ ಪಾಪ ಅಂದ್ರು. ಎಚ್‌ಒಡಿ ಕರೆದು, "ನೋಡಮ್ಮಾ, ಕಾರ್ಯಕ್ರಮ ಹೆಂಗಾದ್ರೂ ನಡೀಲಿ, ಫೋಟೋ ಮಾತ್ರ ಮಿಸ್ ಆಗ್ಬಾರ್ದು, ಜಿಯೋಟ್ಯಾಗ್ ಇರ್ಬೇಕು, ಬ್ಯಾನರ್ ಕಾಣ್ಬೇಕು, ಇಲ್ಲಾಂದ್ರೆ ಐಕ್ಯೂಎಸಿನೋರು ತಗೊಳ್ಳಲ್ಲ" ಅಂದ್ರು. ಐಕ್ಯೂಎಸಿ ಅಂದ್ರೆ ನಮ್ಮ ಕ್ಯಾಂಪಸ್ಸಿನ ಗುಣಮಟ್ಟ ನೋಡ್ಕೊಳ್ಳೋ ಘಟಕ, ರಿಪೋರ್ಟೆಲ್ಲ ಹೋಗೋದು ಅಲ್ಲಿಗೇ. ಜಿಯೋಟ್ಯಾಗ್ ಅಂದ್ರೆ ಗೊತ್ತಲ್ಲ, ಫೋಟೋ ಕೆಳಗಡೆ ಸಣ್ಣ ಮ್ಯಾಪು, ಅಕ್ಷಾಂಶ, ರೇಖಾಂಶ, ದಿನಾಂಕ, ಟೈಮು ಎಲ್ಲಾ ತಾನೇ ಅಚ್ಚಾಗೋದು. ಅದಿಲ್ದಿರೋ ಸೆಮಿನಾರ್ ನಡೆದೇ ಇಲ್ಲ ಅಂತ ಲೆಕ್ಕ. ಮಾತಾಡಿದೋರು ಮಾತಾಡಿಲ್ಲ, ಊಟ ಮಾಡಿದೋರು ಊಟ ಮಾಡಿಲ್ಲ.

ಉದ್ಘಾಟನೆ ದಿನ ಬೆಳಗ್ಗೆ ರಾಮನ್ ಫೋಟೋ ಎಲ್ಲಿ ಅಂತ ಗಲಾಟೆ ಶುರುವಾಯ್ತು. ಸ್ಟೋರ್ ರೂಮಲ್ಲಿದೆ, ಪೇಟ ಇರೋ ಫೋಟೋ, ತಗೊಂಡ್ಬನ್ನಿ ಅಂತ ಅಟೆಂಡರ್ ಅಣ್ಣನಿಗೆ ಹೇಳಿದ್ರು, ಅವರು ಪೇಟ ಇರೋ ಫೋಟೋನೇ ತಂದ್ರು, ಅದರಲ್ಲಿ ಅವರ ತಪ್ಪು ಒಂಚೂರೂ ಇಲ್ಲ. ಆ ಬೀರುವಲ್ಲಿ ಪೇಟದೋರು ಮೂರು ಜನ ಇದ್ರು. ಸೆಪ್ಟೆಂಬರ್ 5ಕ್ಕೆ ಹೊರಗೆ ಬರೋ ರಾಧಾಕೃಷ್ಣನ್, 15ಕ್ಕೆ ಬರೋ ವಿಶ್ವೇಶ್ವರಯ್ಯ, ಅವರಿಬ್ಬರ ಹಿಂದೆ ಗೋಡೆಗೆ ಒರಗಿಕೊಂಡು ನಮ್ಮ ರಾಮನ್. ಸ್ಟೇಜಿಗೆ ಬಂದಿದ್ದು ರಾಧಾಕೃಷ್ಣನ್. ಹಾರ ಹಾಕಿದ್ರು, ಊದುಬತ್ತಿ ಹಚ್ಚಿದ್ರು, ದೀಪ ಹಚ್ಚೋವಾಗ ಫ್ಯಾನ್ ಆರಿಸ್ಬೇಕೋ ಬೇಡ್ವೋ ಅಂತ ಮೂರು ಜನ ಫಿಸಿಕ್ಸ್ ಪ್ರೊಫೆಸರ್‌ಗಳು ಚರ್ಚೆ ಮಾಡ್ತಾ ಇರೋವಾಗ್ಲೇ ಅಟೆಂಡರ್ ಅಣ್ಣ ಬತ್ತಿ ತುದಿಗೆ ಒಂದು ಚೂರು ಕರ್ಪೂರ ಇಟ್ಟು ಕೆಲಸ ಮುಗಿಸಿದ್ರು. ನಾನು ಫೋಟೋ ಮೇಲೆ ಫೋಟೋ ತೆಗೆದೆ. ಮುಖ್ಯ ಅತಿಥಿಗಳು "ಇದು ರಾಮನ್ ಅವರ ಹುಟ್ಟುಹಬ್ಬದ ವಾರ" ಅಂದ್ರು, ರಾಮನ್ ಹುಟ್ಟಿದ್ದು ನವೆಂಬರ್ 7ಕ್ಕೆ, ಆದ್ರೆ ಚಪ್ಪಾಳೆ ಬಿತ್ತು. ಪ್ರತಿ ವರ್ಷ ಯಾರಾದ್ರೂ ಒಬ್ರು ಇದನ್ನ ಹೇಳ್ತಾರೆ, ಪ್ರತಿ ವರ್ಷ ಚಪ್ಪಾಳೆ ಬೀಳತ್ತೆ.

ಮಧ್ಯಾಹ್ನ ಎಕ್ಸಿಬಿಷನ್ ನೋಡೋಕೆ ಬಂದಿದ್ದ ಹೈಸ್ಕೂಲ್ ಹುಡುಗಿ ಒಬ್ಳು ಸ್ಟೇಜ್ ಹತ್ರ ನಿಂತು, "ಮಿಸ್, ನಮ್ ಬುಕ್ಕಲ್ಲಿ ರಾಮನ್‌ಗೆ ಕನ್ನಡಕ ಇಲ್ವಲ್ಲ?" ಅಂದ್ಲು. ಅವಳ ಮಿಸ್ಸು ಶ್ ಅಂದ್ರು. ನಾನು ಹೋಗಿ ಕೋಆರ್ಡಿನೇಟರ್ ಸರ್ ಕಿವಿಯಲ್ಲಿ ಹೇಳ್ದೆ. ಅವರು ಫೋಟೋ ನೋಡಿದ್ರು, ನನ್ನ ನೋಡಿದ್ರು, ಆಮೇಲೆ ಪಕ್ಕದಲ್ಲಿದ್ದ ಕನ್ನಡ ವಿಭಾಗದ ಹಿರಿಯರನ್ನ ನೋಡಿದ್ರು. ಅವರೋ ಸ್ವಲ್ಪಾನೂ ವಿಚಲಿತರಾಗಲಿಲ್ಲ. "ಇಬ್ರೂ 1888ರಲ್ಲೇ ಹುಟ್ಟಿದ್ದು, ಇಬ್ರಿಗೂ 1954ರಲ್ಲಿ ಒಟ್ಟಿಗೇ ಭಾರತರತ್ನ ಬಂದಿದ್ದು, ಅಲ್ಲದೆ ಇವ್ರು ಮಹಾರಾಜ ಕಾಲೇಜಲ್ಲಿ ಪಾಠ ಮಾಡಿದೋರು, ನಮ್ಮೋರೇ, ಇರ್ಲಿ ಬಿಡಿ" ಅಂದ್ರು. ಸಂಜೆ ಸದ್ದಿಲ್ದೆ ಫೋಟೋ ಬದಲಾಯ್ತು, ಹಾರ ಅದೇ. ಆದ್ರೆ ರಿಪೋರ್ಟಲ್ಲಿ ಇರೋದು ಬೆಳಗಿನದ್ದೇ, ಅಕ್ಷಾಂಶ ರೇಖಾಂಶ ಆರು ದಶಮಾಂಶ ಸ್ಥಾನದವರೆಗೂ ಸರಿಯಾಗಿವೆ, ಫೋಟೋದಲ್ಲಿರೋರು ಮಾತ್ರ ಬೇರೆ.

ಮಾರನೇ ದಿನ ಬೆಂಗಳೂರಿಂದ ರಿಸೋರ್ಸ್ ಪರ್ಸನ್. ಅವರ ಲ್ಯಾಪ್‌ಟಾಪಿಗೂ ನಮ್ಮ ಪ್ರೊಜೆಕ್ಟರಿಗೂ ಮಧ್ಯೆ ಬೇಕಾದ ಕನೆಕ್ಟರು ಇಡೀ ಸೈನ್ಸ್ ಬ್ಲಾಕಲ್ಲಿ ಇರ್ಲಿಲ್ಲ, ಕೊನೆಗೆ ಕಾಮರ್ಸ್ ಡಿಪಾರ್ಟ್‌ಮೆಂಟಲ್ಲಿ ಸಿಕ್ತು (ಅವರ ಹತ್ರ ಎಲ್ಲಾ ಇರತ್ತೆ). ಪಿಪಿಟಿ ಓಪನ್ ಆಗಿ ಮೊದಲ ಸ್ಲೈಡ್ ಬಂದು ನಾವೆಲ್ಲ ಉಸ್ಸಪ್ಪಾ ಅಂದ್ವಿ ನೋಡಿ, ಕರೆಂಟ್ ಹೋಯ್ತು. ಜನರೇಟರ್‌ಗೆ ಡೀಸೆಲ್ ಇಲ್ಲ, ಡೀಸೆಲ್‌ಗೆ ಇಂಡೆಂಟ್ ಹಾಕಿ ಆಗಿದೆ, ಇಂಡೆಂಟ್ ಸಹಿಗೆ ಹೋಗಿದೆ.

ಆದ್ರೆ ಆ ಮನುಷ್ಯರು ನಿಜವಾಗ್ಲೂ ಮೇಷ್ಟ್ರು. ಲ್ಯಾಪ್‌ಟಾಪ್ ಮುಚ್ಚಿಟ್ಟು, ಸ್ಟೇಜ್ ಇಳಿದು ಮೊದಲ ಸಾಲಿನ ಬೆಂಚಿಗೆ ಒರಗಿ ನಿಂತು, ರಾಮನ್ ಹತ್ರ ಏನಿತ್ತು ಹೇಳಿ ನೋಡೋಣ ಅಂತ ಶುರು ಮಾಡಿದ್ರು. ಶುರುವಲ್ಲಿ ದೀಪ ಕೂಡ ಇರ್ಲಿಲ್ಲ, ಬಿಸಿಲೇ ದೀಪ. ಬಿಸಿಲನ್ನ ಲೆನ್ಸಲ್ಲಿ ಒಂದು ಕಡೆ ಹಿಡಿದು, ನೇರಳೆ ಬಣ್ಣದ ಗಾಜು ಅಡ್ಡ ಇಟ್ಟು, ಶುದ್ಧ ಮಾಡಿದ ದ್ರವದೊಳಗೆ ಬಿಡೋದು. ಪಕ್ಕದಿಂದ ನೋಡೋವಾಗ ಕಣ್ಣಿನ ಮುಂದೆ ಹಸಿರು ಗಾಜು. ಒಳಗೆ ಹೋಗಿರೋದು ನೇರಳೆ ಮಾತ್ರ, ಹಾಗಾಗಿ ಹಸಿರು ಗಾಜಿನಲ್ಲಿ ಏನೂ ಕಾಣಬಾರದು. ಆದ್ರೆ ಮಂಕಾಗಿ ಏನೋ ಕಾಣ್ತಿದೆ. ಅಂದ್ರೆ ಬೆಳಕು ಒಳಗೆ ಹೋಗಿ ಬಣ್ಣ ಬದಲಾಯಿಸ್ಕೊಂಡು ಆಚೆ ಬಂದಿದೆ. ಕೋಟಿ ಫೋಟಾನ್, ಅಂದ್ರೆ ಬೆಳಕಿನ ಕಣ, ಚದುರಿದ್ರೆ ಅದರಲ್ಲಿ ಒಂದೋ ಎರಡೋ ಮಾತ್ರ ಹಿಂಗೆ ಮಾಡೋದಂತೆ, ಅದನ್ನ ರಾಮನ್ ಮತ್ತೆ ಅವರ ಜೊತೆ ಕೆಲಸ ಮಾಡ್ತಿದ್ದ ಕೆ.ಎಸ್. ಕೃಷ್ಣನ್ ಕಣ್ಣಲ್ಲೇ ಹಿಡಿದ್ರು. ಅದಾದ ಮೇಲೆ ರಾಮನ್ ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು 'ಹೊಸ ವಿಕಿರಣ' ಅಂತ ಭಾಷಣ ಮಾಡಿದ್ರು, ಆಮೇಲೆ 1930ರಲ್ಲಿ ನೊಬೆಲ್. ಕತ್ತಲೆ ಹಾಲಲ್ಲಿ, ಸೆಕೆಯಲ್ಲಿ, ಫ್ಯಾನಿಲ್ದೆ, ಇನ್ನೂರು ಹುಡುಗರು ಮೊಬೈಲ್ ತೆಗೀದೆ ಕೂತಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ.

ನನ್ನ ಫೋಟೋದಲ್ಲಿ ಮಾತ್ರ ಎಲ್ಲಾ ಕಪ್ಪು. ಭಾಷಣ ಮುಗಿದು ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಊಟಕ್ಕೆ ಹೊರಟಿದ್ದ ಅವರನ್ನ ಕೋಆರ್ಡಿನೇಟರ್ ಸರ್ ತಡೆದು, "ಸರ್, ಒಂದೇ ನಿಮಿಷ, ಆ ಸ್ಕ್ರೀನ್ ಮುಂದೆ ಹಿಂಗೆ ಕೈ ತೋರಿಸ್ಕೊಂಡು ನಿಂತ್ಕೊಳ್ಳಿ" ಅಂದ್ರು. ಅವರು ನಿಂತ್ಕೊಂಡ್ರು. ಸ್ಕ್ರೀನ್ ಮೇಲೆ ಇದ್ದಿದ್ದು ಅಪ್‌ಡೇಟ್ ಮುಗಿಯೋವರೆಗೂ ಕಂಪ್ಯೂಟರ್ ಆಫ್ ಮಾಡಬೇಡಿ ಅನ್ನೋ ಸಂದೇಶ. ಅದಕ್ಕೇ ಕೈ ತೋರಿಸಿದ್ದಾರೆ.

ಮೂರನೇ ದಿನ ಲಿಕ್ವಿಡ್ ನೈಟ್ರೋಜನ್. ಮೈನಸ್ 196 ಡಿಗ್ರಿ, ಥರ್ಮಾಸ್ ತರದ ಒಂದು ದೊಡ್ಡ ಡ್ಯೂವಾರ್ ಫ್ಲಾಸ್ಕಲ್ಲಿ ವ್ಯಾನ್ ಹತ್ತಿ ಬರಬೇಕು. ಅದರ ಮುಚ್ಚಳ ಯಾವತ್ತೂ ಗಟ್ಟಿ ಹಾಕೋಹಂಗಿಲ್ಲ, ಒಂದು ಲೀಟರ್ ದ್ರವ ಆವಿಯಾದ್ರೆ ಹತ್ತಿರ ಹತ್ತಿರ 700 ಲೀಟರ್ ಗ್ಯಾಸು, ಅದಕ್ಕೆ ದಾರಿ ಬಿಡ್ಲಿಲ್ಲ ಅಂದ್ರೆ ಬಾಂಬೇ. ಡ್ರೈವರ್ ಅಣ್ಣ ಒಳ್ಳೆ ಮನಸ್ಸಿಂದ, ಸಾಮಾನು ಚೆಲ್ಲದಿರ್ಲಿ ಅಂತ, ಬೈಂಡಿಂಗ್ ವೈರ್ ತಂದು ಮುಚ್ಚಳಕ್ಕೆ ಬಿಗಿಯೋಕೆ ಹೊರಟಿದ್ರು, ಕೆಮಿಸ್ಟ್ರಿ ಮೇಡಂ ಕಿರುಚಿದ ಕಿರುಚು ಲೈಬ್ರರಿಗೂ ಕೇಳಿಸ್ತು. ಆಮೇಲೆ ಎಸಿ ಹಾಕ್ಬೇಡಿ, ಕಿಟಕಿ ಎಲ್ಲಾ ತೆಗೆದಿಡಿ, ಗ್ಯಾಸ್ ತುಂಬ್ಕೊಂಡ್ರೆ ಉಸಿರಾಡೋಕೆ ಆಕ್ಸಿಜನ್ ಇರಲ್ಲ ಅಂತ ಹೇಳಿದ್ದಕ್ಕೆ, ಅಣ್ಣ ದಾರಿಯುದ್ದಕ್ಕೂ ತಲೆ ಅರ್ಧ ಕಿಟಕಿ ಆಚೆ ಹಾಕ್ಕೊಂಡೇ ಓಡಿಸಿದ್ರಂತೆ.

ಡೆಮೋದಲ್ಲಿ ಗುಲಾಬಿ ಅದ್ದಿ ಪುಡಿ ಮಾಡಿದ್ದು ಚೆನ್ನಾಗೇ ಆಯ್ತು. ಮುಂದಿನ ಐಟಂ, ಬಾಳೆಹಣ್ಣನ್ನ ಗಟ್ಟಿ ಮಾಡಿ ಸುತ್ತಿಗೆ ತರ ಮೊಳೆ ಹೊಡೆಯೋದು. ವಿಡಿಯೋಗಳಲ್ಲಿ ನೋಡಿರ್ತೀರಿ. ಊಟದ ಕಮಿಟಿಯೋರು ಕೊಟ್ಟಿದ್ದು ಏಲಕ್ಕಿ ಬಾಳೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಂದೇ ಏಟಿಗೆ ಹಣ್ಣು ಮೂರು ಚೂರಾಗಿ ಒಂದು ಚೂರು ಎರಡನೇ ಸಾಲಿಗೆ ಹೋಯ್ತು, ಮೊಳೆ ಅಲ್ಲಾಡ್ಲಿಲ್ಲ. ಹಾಸ್ಟೆಲ್ ಮೆಸ್ಸಿಗೆ ಓಡಿ ಪಚ್ಚಬಾಳೆ ತರೋ ಹೊತ್ತಿಗೆ ಅರ್ಧ ನೈಟ್ರೋಜನ್ ಆವಿ. ಉಳಿದಿದ್ದನ್ನ ಸುರಿದಾಗ ಎದ್ದ ಬಿಳಿ ಮಂಜಲ್ಲಿ ಡೀನ್ ಸರ್ ಮುಖ ಮುಚ್ಚಿಹೋಗಿ, "ಆ ಹೊಗೆ ಸ್ವಲ್ಪ ತೆಗೆದು ಫೋಟೋ ತೆಗೀರಿ" ಅಂತ ನಂಗೆ ಆರ್ಡರ್ ಬಂತು. ಡೆಮೋ ಇದ್ದಿದ್ದೇ ಆ ಹೊಗೆಗೆ.

ಎಕ್ಸಿಬಿಷನ್‌ದು ಒಂದೇ ಹೇಳ್ತೀನಿ. ಬಿಎಸ್ಸಿ ಹುಡುಗ್ರು ಆಲಿವ್ ಆಯಿಲ್ ಬಾಟಲಿಗೆ ಹಸಿರು ಲೇಸರ್ ಬಿಟ್ಟು, ಒಳಗೆ ಕೆಂಪಗೆ ಗೆರೆ ಕಾಣೋದನ್ನ ತೋರಿಸಿ, ಇದೇ ರಾಮನ್ ಎಫೆಕ್ಟ್ ಅಂತ ಬಂದೋರಿಗೆಲ್ಲ ಹೇಳ್ತಿದ್ರು. ಬೆಂಗಳೂರು ಮೇಷ್ಟ್ರು ಹುಡುಗನ ಭುಜದ ಮೇಲೆ ಕೈ ಹಾಕಿ, ಇದು ರಾಮನ್ ಅಲ್ಲಪ್ಪ, ಎಣ್ಣೆಲಿರೋ ಕ್ಲೋರೋಫಿಲ್ ಮಾಡ್ತಿರೋ ಫ್ಲೋರೊಸೆನ್ಸು, ಅಂದ್ರೆ ಅದು ಬೆಳಕು ಹೀರ್ಕೊಂಡು ಬೇರೆ ಬಣ್ಣದಲ್ಲಿ ಹೊಳೀತಿರೋದು, ರಾಮನ್ ಇಷ್ಟು ಸುಲಭಕ್ಕೆ ಕಾಣಲ್ಲ ಅಂದ್ರು. ಹುಡುಗ, "ಸರ್, ಬೋರ್ಡ್ ಪ್ರಿಂಟ್ ಆಗೋಗಿದೆ" ಅಂದ. ಅದಕ್ಕೇ ಮೊದಲ ಬಹುಮಾನ ಬಂತು. ಉಳಿದ ಎಣ್ಣೆ ಮೆಸ್ ಭಟ್ರು ತಗೊಂಡು ಹೋದ್ರು, ಎರಡು ದಿನ ಚಿತ್ರಾನ್ನ ಏನೋ ಒಂಥರಾ ಇತ್ತು. ಕ್ವಿಜ್ಜು, ಪ್ರಬಂಧ, ರಂಗೋಲಿ ಸ್ಪರ್ಧೆ, ಇವೆಲ್ಲ ಆದವು, ಫೋಟೋ ಇದೆ.

ಕೊನೆ ರಾತ್ರಿ ಆಕಾಶ ವೀಕ್ಷಣೆ. ವಾರವಿಡೀ ಹೋಗ್ತಾ ಬರ್ತಾ ಇದ್ದ ಕರೆಂಟು ಅವತ್ತು ಕಲ್ಲು ಬಂಡೆ ಹಂಗೆ ಕೂತಿತ್ತು. ಗ್ರೌಂಡ್ ಮಧ್ಯ ಹೈಮಾಸ್ಟ್ ದೀಪ ಧಗಧಗ. ಆರಿಸೋಕೆ ಎಸ್ಟೇಟ್ ಸೆಕ್ಷನ್ನಿಗೆ ಅರ್ಜಿ ಕೊಟ್ಟಿದ್ವಿ, ಅದು ಡೀಸೆಲ್ ಇಂಡೆಂಟ್ ಪಕ್ಕದಲ್ಲೇ ಎಲ್ಲೋ ಇತ್ತು ಅನ್ಸತ್ತೆ. ಕೊನೆಗೆ ಸೆಕ್ಯೂರಿಟಿ ತಾತ, "ಅಷ್ಟೇನಾ ಮೇಡಂ" ಅಂದು ಬಾಕ್ಸ್ ತೆಗೆದು ಸ್ವಿಚ್ ಇಳಿಸಿದ್ರು. ಕತ್ತಲೆ ಆಯ್ತು ನೋಡಿ! ಗುರು ಗ್ರಹ, ಅದರ ಪಕ್ಕ ಒಂದೇ ಗೆರೆಲಿ ನಾಲ್ಕು ಚುಕ್ಕಿ, 1610ರಲ್ಲಿ ಗೆಲಿಲಿಯೋ ನೋಡಿದ ಅದೇ ಚಂದ್ರರು. ಕ್ವಾರ್ಟರ್ಸ್ ಆಂಟಿ ಒಬ್ರು ನೋಡಿ, ಎದ್ದು ಟ್ಯೂಬಿನ ಮುಂದೆ ಹೋಗಿ ಯಾರಾದ್ರೂ ಚಿತ್ರ ಅಂಟಿಸಿದ್ದಾರಾ ಅಂತ ಚೆಕ್ ಮಾಡಿ, ಮತ್ತೆ ಕ್ಯೂ ನಿಂತ್ರು. ತಾತ ಬಗ್ಗಿ ನೋಡಿದೋರು ಏಳಲೇ ಇಲ್ಲ, ಹಿಂದಿನೋರು ಗೊಣಗೋಕೆ ಶುರು ಮಾಡಿದ್ರು.

ಆಮೇಲೆ ಮಹಾವ್ಯಾಧ (ಓರಾಯನ್) ನಕ್ಷತ್ರಪುಂಜದ ನೆಬ್ಯುಲಾಕ್ಕೆ, ಅಂದ್ರೆ ಅನಿಲ ಮತ್ತೆ ಧೂಳಿನ ಮೋಡಕ್ಕೆ, ಟೆಲಿಸ್ಕೋಪ್ ತಿರುಗಿಸಿದ್ವಿ, ಅದು ಮಸುಕು, ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಕೊಳ್ಳೋಕೆ ಇಪ್ಪತ್ತು ನಿಮಿಷನಾದ್ರೂ ಬೇಕು. ಎಲ್ಲರೂ ಸುಮ್ನೆ ಕಾದ್ರು, ಕಣ್ಣು ಹೊಂದ್ಕೊಳ್ತು, ಮೊದಲನೇ ಹುಡುಗ "ಕಂಡ್ತು, ಕಂಡ್ತು" ಅಂತಿದ್ದಂಗೇ ಕೋಆರ್ಡಿನೇಟರ್ ಸರ್ ಓಡಿ ಬಂದು, "ಫೋಟೋ ಆಯ್ತೇನಮ್ಮಾ?" ಅಂತ ಅವರ ಮೊಬೈಲ್ ಫ್ಲ್ಯಾಶೇ ಹಾಕಿದ್ರು. ಆ ಹುಡುಗನ ಬಾಯಲ್ಲಿ ಬಂದ ಮಾತು ಇಲ್ಲಿ ಬರೆಯೋಹಂಗಿಲ್ಲ. ಫೋಟೋದಲ್ಲಿ ಬಿದ್ದಿದ್ದು ಮೂವತ್ತು ಜೊತೆ ಮಿಟುಕಿಸ್ತಿರೋ ಕಣ್ಣು ಮಾತ್ರ, ಬ್ಯಾನರೂ ಇಲ್ಲ, ಟೆಲಿಸ್ಕೋಪೂ ಇಲ್ಲ.

ಅದಕ್ಕೆ ಮಾರನೇ ದಿನ ಬೆಳಗ್ಗೆ ಅದೇ ಗ್ರೌಂಡಲ್ಲಿ ಟೆಲಿಸ್ಕೋಪ್ ಇಟ್ಟು, ಬ್ಯಾನರ್ ಕಟ್ಟಿ, ಎಲ್ಲರನ್ನೂ ನಿಲ್ಸಿದ್ರು. ಬಿಸಿಲಲ್ಲಿ ಅದು ಅಪ್ಪಿತಪ್ಪಿ ಸೂರ್ಯನ ಕಡೆ ತಿರುಗಿದ್ರೆ ಕಣ್ಣೇ ಹೋಗತ್ತೆ ಅಂತ ಮುಚ್ಚಳ ತೆಗೀಲಿಲ್ಲ. ಎಚ್‌ಒಡಿ ಸರ್ ಬಗ್ಗಿ, ಒಂದು ಕಣ್ಣು ಮುಚ್ಚಿ, ಮುಚ್ಚಳ ಹಾಕಿರೋ ಟೆಲಿಸ್ಕೋಪಲ್ಲಿ ತುಂಬಾ ಹೊತ್ತು ಗಂಭೀರವಾಗಿ ನೋಡಿದ್ರು. ಫೋಟೋ ಅದ್ಭುತವಾಗಿ ಬಂತು. ಕೆಳಗೆ ಮ್ಯಾಪು, ಅಕ್ಷಾಂಶ, ರೇಖಾಂಶ, ಬೆಳಗ್ಗೆ 11:20, ಅದರ ಕೆಳಗೆ ನಾನೇ ಟೈಪ್ ಮಾಡಿದ ಶೀರ್ಷಿಕೆ, 'ರಾತ್ರಿ ಆಕಾಶ ವೀಕ್ಷಣೆ'. ರಿಪೋರ್ಟ್ ಐಕ್ಯೂಎಸಿಗೆ ಹೋಗಿ ಒಂದು ವಾರಕ್ಕೆ ವಾಪಸ್ ಬಂತು. ಆ ಫೋಟೋ ಪಕ್ಕ ಕೆಂಪು ಪೆನ್ನಲ್ಲಿ ಬರೆದಿದ್ರು: ಬ್ಯಾನರಿನ ಎಡಭಾಗ ಕಾಣಿಸ್ತಿಲ್ಲ, ಬೇರೆ ಫೋಟೋ ಕಳಿಸಿ.