ಹಲ್ಲಿ ಲೊಚಗುಟ್ಟುವ ಕಾರು

ನನ್ನ ಮೇಜಿನ ಮೇಲೆ, ಪೆನ್ನಿನ ಡಬ್ಬದ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ದಪ್ಪದ, ಮಸಿ ಹಿಡಿದ ಲೋಹದ ತುಂಡೊಂದು ಕುಳಿತಿದೆ. ಹಿಂದೆ ನಾಲ್ಕು ವೈರುಗಳ ಬಾಲ. ನನ್ನ ಹನ್ನೊಂದು ವರ್ಷದ ಕಾರಿನ ಏರ್-ಫ್ಯೂಯೆಲ್ ಸೆನ್ಸರ್ ಇದು. ಇದಕ್ಕೆ ಏನೂ ಆಗಿಲ್ಲ. ಆದರೂ ಇದನ್ನು ಕೀಳಿಸಿ, ಎಂಟೂವರೆ ಸಾವಿರ ರೂಪಾಯಿ ಕೊಟ್ಟು ಹೊಸದನ್ನು ಹಾಕಿಸಿದವನು ನಾನು. ಬೆಳಿಗ್ಗೆ ಕಾಫಿ ಕುಡಿಯುವಾಗ ಇದು ನನ್ನನ್ನೇ ನೋಡುತ್ತಿರುತ್ತದೆ.

ಶುರುವಾದದ್ದು ಹಳದಿ ದೀಪದಿಂದ. ಅದು ಎಂಜಿನ್ನಿನ ಚಿತ್ರವಂತೆ. ನಮ್ಮ ಮನೆಯವರಿಗೆಲ್ಲ ನಲ್ಲಿಯ ಹಾಗೆ ಕಾಣುತ್ತದೆ. ‘ರೀ, ನಲ್ಲಿ ಹತ್ತಿಕೊಂಡಿತು’ ಎಂದಳು ಹೆಂಡತಿ. ಮೈಸೂರಿನ ನಮ್ಮ ಬಡಾವಣೆಯಲ್ಲಿ ನೀರಿಲ್ಲದ ದಿನವೂ ತಪ್ಪದೆ ಬರುವ ನಲ್ಲಿ ಇದೊಂದೇ. ಜೊತೆಗೆ ಲೀಟರಿಗೆ ಹದಿನಾರು ಕಿಲೋಮೀಟರ್ ಓಡುತ್ತಿದ್ದ ಕಾರು ಹನ್ನೆರಡಕ್ಕೆ ಇಳಿಯಿತು. ಎದುರು ಮನೆಯವರು ಪೆಟ್ರೋಲ್ ಬಂಕ್ ಬದಲಿಸಿ ಎಂದರು. ಪಕ್ಕದ ಮನೆಯವರು ಎಲ್ಲದಕ್ಕೂ ಎಥನಾಲೇ ಕಾರಣ ಎಂದರು. ಅವರು ತಮ್ಮ ಮಂಡಿ ನೋವಿಗೂ ಅದನ್ನೇ ಹೇಳುತ್ತಾರೆ.

ಭಾನುವಾರ ಬೆಂಗಳೂರಿನಿಂದ ಭಾವಮೈದುನ ಬಂದ. ಸ್ಟೇರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವೊಂದನ್ನು ಸಿಕ್ಕಿಸಿ, ಮೊಬೈಲಿಗೆ ಜೋಡಿಸಿ, ‘ಭಾವ, ತಪ್ಪಿನ ಕೋಡ್ ಪಿ 0171. ಬ್ಯಾಂಕ್ ಒಂದರಲ್ಲಿ ಮಿಶ್ರಣ ತೆಳುವಾಗಿದೆ’ ಎಂದು ಘೋಷಿಸಿದ. ಬ್ಯಾಂಕ್ ಎಂದರೆ ಇಲ್ಲಿ ಸಿಲಿಂಡರುಗಳ ಸಾಲು. ಸಾಲ ಆಮೇಲೆ ಬಂದಿತು.

ಸಂಗತಿ ಅಡುಗೆಯ ಹದದ್ದೇ. ಉಪ್ಪಿಟ್ಟಿಗೆ ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಎನ್ನುವ ಹಾಗೆ, ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಉರಿದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ಕಾರಿನ ಕಂಪ್ಯೂಟರಿಗೆ ಹೇಳುವುದು ಈ ಸೆನ್ಸರಿನ ಕೆಲಸ. ‘ಗಾಳಿ ಹೆಚ್ಚಾಗಿದೆ’, ಅಂದರೆ ಮಿಶ್ರಣ ತೆಳುವಾಗಿದೆ, ಎಂದು ಅದು ಹೇಳಿದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ನನ್ನ ಕಾರಿನಲ್ಲಿ ನೂರಕ್ಕೆ 22ರಷ್ಟು ಹೆಚ್ಚಿಸಿಕೊಂಡು ಕುಳಿತಿತ್ತು. ಭಾವಮೈದುನ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸೆನ್ಸರಿನ ಗೆರೆ ಮೊಬೈಲಿನಲ್ಲಿ ಸರಕ್ಕನೆ ಏರಿಳಿಯುತ್ತಿತ್ತು. ಸತ್ತವರು ಹಾಗೆ ಕುಣಿಯುವುದಿಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅವನು ಅದರ ಚಿತ್ರ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಹುಬ್ಬಳ್ಳಿಯ ಚಿಕ್ಕಮ್ಮ ಗಾಬರಿಯಾಗಿ ‘ಯಾರಿಗೆ ಇಸಿಜಿ ಮಾಡಿಸಿದಿರಿ?’ ಎಂದು ಫೋನ್ ಮಾಡಿದರು.

ಸೋಮವಾರ ನಾಲ್ಕು ಕಿಲೋಮೀಟರ್ ದೂರದ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ಕಿಗೆ ಕಂಪ್ಯೂಟರಿನಲ್ಲಿ ನಂಬಿಕೆಯಿಲ್ಲ. ಅವರ ನಂಬಿಕೆಯೆಲ್ಲ ಒಂದು ಮೊಳ ಉದ್ದದ ಸ್ಕ್ರೂಡ್ರೈವರಿನ ಮೇಲೆ. ಅದರ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಎಡಗೈ ಮೇಲೆತ್ತುತ್ತಾರೆ. ಕೈ ಎತ್ತಿದ ಕೂಡಲೇ ಹುಡುಗರ ಸುತ್ತಿಗೆ ನಿಲ್ಲುತ್ತದೆ. ಪಕ್ಕದ ಚಹಾ ಅಂಗಡಿಯವನು ರೇಡಿಯೊ ಆರಿಸುತ್ತಾನೆ. ಪಂಕ್ಚರ್ ಹಾಕಿಸಲು ಬಂದಿದ್ದವರೊಬ್ಬರು ಕೆಮ್ಮನ್ನು ಅರ್ಧಕ್ಕೆ ನುಂಗಿದ್ದನ್ನು ನಾನೇ ಕಂಡಿದ್ದೇನೆ. ಸ್ಕ್ರೂಡ್ರೈವರ್ ಎರಡು ಅಂಗುಲ ಸರಿಯುತ್ತದೆ, ಮತ್ತೆ ಮೌನ. ಅವರ ಒಂದು ಹುಬ್ಬು ಮೇಲೆ ಹೋದರೆ ಗಿರಾಕಿಯ ಲೆಕ್ಕದಲ್ಲಿ ಐನೂರು ರೂಪಾಯಿ, ಎರಡೂ ಹೋದರೆ ಸಾವಿರ. ಅಂದು ಎರಡೂ ಹೋಗಿ ಅಲ್ಲೇ ನಿಂತವು.

‘ಸೆನ್ಸರ್ ಸತ್ತಿದೆ ಸಾರ್.’

‘ಅದು ಶಬ್ದವನ್ನೇ ಮಾಡುವುದಿಲ್ಲವಲ್ಲ?’

‘ಅದನ್ನೇ ಹೇಳುತ್ತಿದ್ದೇನೆ ಸಾರ್. ಶಬ್ದವೇ ಇಲ್ಲ.’

ಇಂಥ ತರ್ಕದ ಮುಂದೆ ಓದಿದವನು ಏನು ಮಾಡಬೇಕು? ದುಡ್ಡು ಕೊಡಬೇಕು. ವರ್ಷಗಟ್ಟಲೆ ಬೆಂದ ಸೆನ್ಸರ್ ಕೊಳವೆಗೆ ಕಚ್ಚಿಕೊಂಡಿತ್ತು. ಎಣ್ಣೆ ಸುರಿದು ಒಂದು ರಾತ್ರಿ ನೆನೆಹಾಕಿ, ಮರುದಿನ ಇಬ್ಬರು ಹುಡುಗರು ಪಾನಾ ಹಿಡಿದು ಜೋತುಬಿದ್ದ ಮೇಲೆ ಬಿಟ್ಟುಕೊಂಡಿತು. ಹೊಸದು ಬಂದಿತು, ದೀಪ ಆರಿತು. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೂರನೆಯ ದಿನ ನಲ್ಲಿ ಮತ್ತೆ ಹತ್ತಿಕೊಂಡಿತು. ಈ ಕಂಪ್ಯೂಟರಿನ ಸ್ವಭಾವವೇ ಹಾಗಂತೆ: ಮೊದಲ ಸಲ ತಪ್ಪು ಕಂಡರೆ ಮಾತನಾಡದೆ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ಮುಂದಿನ ಓಡಾಟದಲ್ಲಿಯೂ ಅದೇ ಕಂಡರೆ ಮಾತ್ರ ದೀಪ ಹಚ್ಚುತ್ತದೆ. ನಮ್ಮ ಅತ್ತೆಯವರೂ ಹೀಗೆಯೇ.

ಅಪ್ಪನ ಬಜಾಜ್ ಸ್ಕೂಟರಿಗೆ ಇಂಥ ಯಾವ ಮೂಗೂ ಇರಲಿಲ್ಲ. ಭಾನುವಾರ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಿದ್ದರು. ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು. ಕಾರ್ಬ್ಯುರೇಟರಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಪ್ಲಗ್ಗನ್ನು ಉಪ್ಪುಕಾಗದದಿಂದ ತಿಕ್ಕಲು ನನ್ನ ಕೈಗೆ ಕೊಡುತ್ತಿದ್ದರು. ಮುಂದಿನ ವಾರ ಬಿಚ್ಚಿದಾಗ ‘ಕಾಫಿ ಬಣ್ಣ ಬಂದಿದೆ ನೋಡು’ ಎಂದರೆ ಹದ ಕೂಡಿತೆಂದು ಅರ್ಥ. ಆ ಬಣ್ಣ ಈಗಲೂ ಕಣ್ಣಿನಲ್ಲಿದೆ. ಕೇಳೋಣವೆಂದರೆ ಅವರಿಲ್ಲ.

ಇದ್ದವರು ಅಮ್ಮ. ಬೆಳಿಗ್ಗೆ ನಾನು ಕಾರು ಸ್ಟಾರ್ಟ್ ಮಾಡಿದಾಗಲೆಲ್ಲ ಅವರು ಜಗಲಿಯ ನೆಲಕ್ಕೆ ಬೆರಳು ತಟ್ಟಿ ‘ಕೃಷ್ಣ, ಕೃಷ್ಣ’ ಎನ್ನುತ್ತಿದ್ದರು. ಮಗ ಕ್ಷೇಮವಾಗಿ ಬರಲೆಂದು ಪ್ರಾರ್ಥನೆ ಎಂದುಕೊಂಡಿದ್ದೆ. ದೀಪ ಮರಳಿ ಹತ್ತಿದ ಮರುದಿನ ಕೇಳಿಯೇಬಿಟ್ಟೆ.

‘ಎರಡು ತಿಂಗಳಿನಿಂದ ನಿನ್ನ ಕಾರಿನಲ್ಲಿ ಹಲ್ಲಿ ಲೊಚಗುಟ್ಟುತ್ತಿದೆಯಲ್ಲೋ. ನಿನಗೆ ಕೇಳಿಸುವುದಿಲ್ಲವೇ?’

ಬಾನೆಟ್ ಎತ್ತಿ ಕಿವಿಗೊಟ್ಟೆ. ಲೊಚ್, ಲೊಚ್, ಲೊಚ್. ಐದು ನಿಮಿಷದಲ್ಲಿ ಎಂಜಿನ್ ಬಿಸಿಯಾಗಿ ಹಲ್ಲಿ ಮಾಯವಾಯಿತು.

ಹೊಗೆ ಸೆನ್ಸರನ್ನು ತಲುಪುವ ಮೊದಲೇ, ಹೊಗೆ ಕೊಳವೆ ಎಂಜಿನ್ನಿಗೆ ಕೂಡುವಲ್ಲಿ, ಸಂದಿಯಿಂದ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬಿರಿದಿತ್ತು. ಹೊಗೆ ಹೊರಗೆ ಚಿಮ್ಮುವಾಗ ಆ ಶಬ್ದ; ಚಿಮ್ಮಿದ ಮರುಕ್ಷಣ ಹೊರಗಿನ ಗಾಳಿ ಒಳಗೆ ನುಸುಳುತ್ತಿತ್ತು. ಸೆನ್ಸರ್ ಆ ಗಾಳಿಯನ್ನು ಮೂಸಿ, ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡುತ್ತಿತ್ತು. ಬಿಸಿಯಾದ ಲೋಹ ಹಿಗ್ಗಿ ಶಬ್ದ ಅಡಗುತ್ತದೆ. ನಾನು ನಾಲ್ಕು ಕಿಲೋಮೀಟರ್ ಓಡಿಸಿ ಗ್ಯಾರೇಜ್ ತಲುಪುವ ಹೊತ್ತಿಗೆ ಸ್ಕ್ರೂಡ್ರೈವರಿಗೆ ಕೇಳಿಸಿಕೊಳ್ಳಲು ಏನೂ ಉಳಿದಿರುತ್ತಿರಲಿಲ್ಲ.

ಕಾರನ್ನು ರಾತ್ರಿ ಅಲ್ಲೇ ಬಿಟ್ಟು ಬಂದೆ. ಬೆಳಿಗ್ಗೆ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಊರಿ, ಕಣ್ಣು ಮುಚ್ಚಿ, ಕೈ ಎತ್ತಿ, ‘ಗ್ಯಾಸ್ಕೆಟ್ ಸಾರ್! ನನಗೆ ಮೊದಲೇ ಅನುಮಾನವಿತ್ತು’ ಎಂದರು. ಕೂಲಿ ಸೇರಿ ಒಂಬೈನೂರು. ಹಳೆಯ ಸೆನ್ಸರನ್ನು ಪೇಪರಿನಲ್ಲಿ ಸುತ್ತಿಕೊಟ್ಟು, ‘ಚೆನ್ನಾಗಿದೆ, ಇಟ್ಟುಕೊಳ್ಳಿ’ ಎಂದರು. ಚೆನ್ನಾಗಿದೆಯಂತೆ!

ಇಂದು ಬೆಳಿಗ್ಗೆ ‘ಅಮ್ಮ, ಸಂಜೆ ಬೇಗ ಬರುತ್ತೇನೆ’ ಎಂದು ಕಾರು ಸ್ಟಾರ್ಟ್ ಮಾಡಿದೆ. ಹಲ್ಲಿಯ ಸದ್ದಿಲ್ಲ. ಅಮ್ಮ ಬೆರಳನ್ನು ನೆಲದ ಮೇಲಿಟ್ಟು ಕಾದರು. ಇನ್ನೂ ಸ್ವಲ್ಪ ಕಾದರು.

‘ಹಾಗಾದರೆ ಸುಳ್ಳು’ ಎಂದು ಎದ್ದು ಒಳಗೆ ಹೋದರು.