ಗಟಾರಕ್ಕೆ ತಳ್ಳಿದ ಎಲೆ ಎಲ್ಲಿಗೆ ಹೋಗುತ್ತದೆ?

ಹೋಳಿ ಮುಗಿದಿತ್ತು. ಶರಣಬಸವೇಶ್ವರರ ತೇರಿಗೆ ಇನ್ನೆರಡು ದಿನ. ಬೆಳಗ್ಗೆ ವಾಕಿಂಗ್ ಅಂತ ನಮ್ಮ ಕಲಬುರಗಿಯ ಅಪ್ಪನ ಕೆರೆ ಕಡೆ ಹೊರಟಿದ್ದೆ. ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಚಪ್ಪಲಿ ಮುಳುಗುವಷ್ಟು ಎಲೆ. ಗುಡಿಸುತ್ತಿದ್ದ ಹಿರಿಯರೊಬ್ಬರು ಅದನ್ನೆಲ್ಲ ಗಟಾರಕ್ಕೆ ತಳ್ಳುತ್ತಿದ್ದರು.

“ಯವ್ವಾ, ಗಟಾರಕ್ಕ ಯಾಕ ಹಾಕ್ತೀರಿ?”

“ಎಲಿ ಅದಾ ಯಪ್ಪಾ, ಪ್ಲಾಸ್ಟಿಕ್ ಏನಲ್ಲ. ನೀರಾಗ ಕೊಳತು ಹೋಗ್ತದ.”

ನಿಜವೇ, ಕೊಳೆಯುತ್ತದೆ. ನನ್ನ ತಕರಾರು ಆ ಕೊಳೆಯುವುದರ ಬಗ್ಗೆಯೇ.

ಬರುವಾಗ ಒಂದು ಹಿಡಿ ಎಲೆ ತಂದು, ಗಾಜಿನ ಬರಣಿಗೆ ಹಾಕಿ ನೀರು ತುಂಬಿಸಿಟ್ಟೆ. ಮರುದಿನ ನೀರಿಗೆ ಹಾಲಿಲ್ಲದ ಚಹಾದ ಬಣ್ಣ. ಮೂರನೇ ದಿನ ಮುಚ್ಚಳ ತೆಗೆದರೆ ನಾತ. ಮನೆಯವಳು ಬರಣಿ ಸಮೇತ ಅಂಗಳಕ್ಕೆ ದಾಟಿಸಿದಳು. ಆ ಬಣ್ಣ ಎಲೆಯ ಒಗರಿನದು, ಟ್ಯಾನಿನ್. ಅದರ ಜೊತೆ ಕಣ್ಣಿಗೆ ಕಾಣದೆ ಇಳಿಯುವುದು ರಂಜಕ, ಅಂದರೆ ಫಾಸ್ಫರಸ್. ಎಲೆ ಪೂರ್ತಿ ಕೊಳೆಯಲು ತಿಂಗಳುಗಟ್ಟಲೆ ಬೇಕು. ಆದರೆ ನೀರಲ್ಲಿ ಕರಗುವ ಸಾರದ ದೊಡ್ಡ ಪಾಲು ಮೊದಲ ಒಂದೆರಡು ದಿನದಲ್ಲೇ ಇಳಿದುಬಿಡುತ್ತದೆ.

ಮಳೆ ಬಂದರೆ ಗಟಾರದ ನೀರು ಕೆರೆ ಸೇರುತ್ತದೆ. ಅಲ್ಲಿನ ಪಾಚಿಗೆ ಬೇಕಾದ್ದು ಅದೇ ರಂಜಕ. 1973ರಲ್ಲಿ ಕೆನಡಾದ ಒಂದು ಕೆರೆಯನ್ನು ಪರದೆ ಕಟ್ಟಿ ಎರಡು ಭಾಗ ಮಾಡಿದ್ದರು. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿದರು. ರಂಜಕ ಮಾತ್ರ ಒಂದೇ ಕಡೆ. ಆ ಅರ್ಧ ಹಸಿರಾಯಿತು, ಈ ಅರ್ಧ ಹಾಗೇ ಉಳಿಯಿತು.

ತಳಕ್ಕೆ ಇಳಿದ ಎಲೆಯದು ಬೇರೆಯೇ ಕಥೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಕೆಸರಿನ ಕಬ್ಬಿಣ ಹಳೆಯ ರಂಜಕವನ್ನು ಹಿಡಿದಿಟ್ಟಿರುತ್ತದೆ. ಆಮ್ಲಜನಕ ಮುಗಿದರೆ ಆ ಹಿಡಿತ ಸಡಿಲ. ಹಳೆಯದೂ ಮೇಲೆ ಬರುತ್ತದೆ, ಪಾಚಿ ಇನ್ನೂ ಜಾಸ್ತಿ. ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಅದಕ್ಕೇ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುವುದು.

ಅಮೆರಿಕದ ಮ್ಯಾಡಿಸನ್ ಊರಲ್ಲಿ ಎಲೆ ಉದುರುವುದು ಅಕ್ಟೋಬರ್ ಹೊತ್ತಿಗೆ. ಅಲ್ಲಿ ಮಳೆಗೆ ಮುಂಚೆ ಬೀದಿಯ ಎಲೆ ತೆಗೆದು ನೋಡಿದರು. 2016ರ ವರದಿ ಪ್ರಕಾರ, ಆ ಕಾಲದಲ್ಲಿ ಬೀದಿಯಿಂದ ಹರಿದುಹೋಗುವ ನೀರಿನ ರಂಜಕ 84% ಕಡಿಮೆಯಾಯಿತು. ಬರೀ ಗುಡಿಸಿದ್ದಕ್ಕೆ, ಅಲ್ವಾ?

ನಮ್ಮ ಲೆಕ್ಕ ಬೇರೆ. ಇಲ್ಲಿ ಎಲೆ ಉದುರುವುದು ಯುಗಾದಿ ಮುಂಚಿನ ಒಣ ದಿನಗಳಲ್ಲಿ. ರಸ್ತೆ ಮೇಲೆ, ಗಟಾರದಲ್ಲಿ ವಾರಗಟ್ಟಲೆ ಬಿದ್ದಿರುತ್ತದೆ. ಆಟೋ, ಟಂಟಂ ಚಕ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಪುಡಿಯಾದಷ್ಟೂ ಸಾರ ಬೇಗ ಇಳಿಯುತ್ತದೆ. ಆಮೇಲೆ ಬರುತ್ತದೆ ನೋಡಿ ಅಡ್ಡಮಳೆ, ಒಂದೇ ಸಂಜೆಗೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಆಗ ಕೆರೆಯಲ್ಲಿ ನೀರು ತೀರಾ ಕಡಿಮೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ. ನೀಲಿ-ಹಸಿರು ಪಾಚಿಗೆ ಬೆಚ್ಚನೆ ನೀರು ಅಂದರೆ ಹಬ್ಬ.

ಹಾಗಂತ ಎಲೆಯೊಂದೇ ಕಳ್ಳ ಅಂತ ನಾನು ಹೇಳುತ್ತಿಲ್ಲ. ಊರಿನ ಕೆರೆಗೆ ಹೊಲಸು ನೀರು ಬಿಟ್ಟು ಎಲೆಯನ್ನು ಬೈದರೆ ಅದು ತಮಾಷೆ. ಇದನ್ನು ಓದಿ ಯಾರಾದರೂ “ಮರಾನೇ ಕಡೀರಿ” ಅಂದರೆ ಸುಮ್ನೆ ನನ್ನ ಅನ್‌ಫ್ರೆಂಡ್ ಮಾಡಿ. ಮರ ಎಲೆ ಉದುರಿಸುವ ಮುಂಚೆ ಅದರಲ್ಲಿನ ರಂಜಕದ ಅರ್ಧದಷ್ಟನ್ನು ವಾಪಸ್ ಎಳೆದುಕೊಂಡಿರುತ್ತದೆ. ಉಳಿದದ್ದು ಬುಡದ ಮಣ್ಣಿಗೆ ಸೇರಬೇಕು. ನಡುವೆ ಡಾಂಬರು ಹಾಕಿದವರು ನಾವು.

ಬೆಂಕಿ ಹಚ್ಚುವವರಿಗೂ ಒಂದು ಮಾತು. ರಂಜಕದ ಹೆಚ್ಚಿನ ಪಾಲು ಹೊಗೆಯಾಗಿ ಹೋಗುವುದಿಲ್ಲ, ಬೂದಿಯಲ್ಲೇ ಇರುತ್ತದೆ. ಬೂದಿ ಇನ್ನೂ ಸಲೀಸಾಗಿ ಹರಿಯುತ್ತದೆ.

ಇದನ್ನೆಲ್ಲ ಆ ಅವ್ವನಿಗೆ ಹೇಳಲು ಹೋಗಲಿಲ್ಲ. “ಚೀಲಕ್ಕ ತುಂಬಿ ಇಟ್ರ ಆಗಲ್ಲೇನ್ರಿ?” ಅಂತಷ್ಟೇ ಕೇಳಿದೆ.

“ಚೀಲ ಯಾರ ಕೊಟ್ಟಾರ?” ಅಂದರು.

ಮರುದಿನ ಮನೆಯಲ್ಲಿದ್ದ ಎರಡು ಅಕ್ಕಿ ಚೀಲ ಒಯ್ದು ಕೊಟ್ಟೆ. ಆ ಒಂದು ಬೇವಿನ ಮರಕ್ಕೇ ಎರಡೂ ತುಂಬಿಹೋದವು.